‘ಮಾಮ’ ಪದದ ಇನ್ನೊಂದು ಅರ್ಥವನ್ನು ಉಳಿಸುವ ಬಗ್ಗೆ

ಇಂದ,
ಪದಸಂಗ್ರಹ ಸಹಾಯಕ,
ನಿಘಂಟು ಕಚೇರಿ, ಕಿಟಕಿಯಿಲ್ಲದ ಕೊಠಡಿ.

ಗೆ,
ಮಾನ್ಯ ನಿರ್ದೇಶಕರು,
ಅದೇ ಕಚೇರಿ, ಮೂರು ಕಿಟಕಿಯ ಕೊಠಡಿ.

ವಿಷಯ: ‘ಮಾಮ’ ಪದಕ್ಕೆ ಪರಭಾಷೆಯಲ್ಲಿರುವ ಅರ್ಥವನ್ನು ಹೊಡೆದುಹಾಕದಿರುವ ಕುರಿತು.

ಉಲ್ಲೇಖ: ಶುಕ್ರವಾರದ ಸಭೆಯಲ್ಲಿ ತಾವು ಮೇಜು ಗುದ್ದಿ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಪದ ಹುಟ್ಟಿದ್ದೆಲ್ಲಿ ಎಂಬುದನ್ನು ಕೈ ಎತ್ತಿಸಿ ತೀರ್ಮಾನಿಸುವ ಪದ್ಧತಿಯನ್ನು ತಾವು ಜಾರಿಗೆ ತಂದಿರುತ್ತೀರಿ. ಅದರಂತೆ, ಜಗತ್ತಿನಲ್ಲಿ ಯಾರು ಎಲ್ಲಿ ‘ಮಾಮ’ ಎಂದರೂ ಅದು ನಮ್ಮ ಮನೆಯಿಂದಲೇ ಹೋದದ್ದೆಂದು ಬಹುಮತದಿಂದ ಅಂಗೀಕಾರವಾಯಿತು. ಫ್ಯಾನ್ ಹಾಕಿ ಎಂದು ಕೇಳಲು ಕೈ ಎತ್ತಿದ ಬೆರಳಚ್ಚಿನವರ ಕೈಯೂ ಲೆಕ್ಕಕ್ಕೆ ಸೇರಿತು. ಫ್ಯಾನ್ ಮಾತ್ರ ಈವರೆಗೆ ಹಾಕಿರುವುದಿಲ್ಲ.

೨. “ಸಾರ್, ನಮ್ಮ ಭಾವನ ಭಾಷೇಲಿ ಅದಕ್ಕೆ ಅಮ್ಮ ಅಂತ ಅರ್ಥ. ಇನ್ನೆಲ್ಲೋ ಅಪ್ಪ ಅಂತಾನೂ ಇದೆ,” ಎಂದೆ. “ರೀ, ನಮ್ಮ ಪದ ಕದ್ಕೊಂಡು ಹೋಗಿ ಕೆಡಿಸಿದ್ದಾರೆ, ಅಷ್ಟೇ. ಹೊಡೆದುಹಾಕಿ,” ಎಂದಿರಿ. ಹಲ್ಲಿಲ್ಲದ ಕೂಸು ತುಟಿ ಕೂಡಿಸಿ ಬಿಟ್ಟರೆ ಆ ಸದ್ದು ಬರುತ್ತದೆ; ಹತ್ತಿರ ಯಾರು ನಿಂತಿದ್ದರೋ ಅವರಿಗೆ ಅಂಟಿಕೊಳ್ಳುತ್ತದೆ. ಕದಿಯಲು ಅದು ಯಾರಪ್ಪನ ಮನೆಯ ಗಂಟು? ಒಡಹುಟ್ಟಿದ ಅಣ್ಣನ ಜೊತೆ ಮಾತು ಬಿಟ್ಟಿರುವ ತಾವು ಕಂಡಕಂಡ ಪದಗಳಿಗೆಲ್ಲ ನೆಂಟಸ್ತನ ಕಟ್ಟುವುದನ್ನು ನೋಡಿ ಜವಾನರೂ ನಗುತ್ತಿದ್ದಾರೆ.

೩. ಸ್ವಂತ ವಿಷಯವನ್ನು ಕಚೇರಿಗೆ ತರಬಾರದು, ಗೊತ್ತು. ಆದರೂ ತರುತ್ತಿದ್ದೇನೆ. ಹೋದ ವರ್ಷ ನನ್ನ ಅಕ್ಕ ತೀರಿಕೊಂಡಳು. ಭಾವ ಹಡಗಿನ ಕೆಲಸದವರು. ಆದಕಾರಣ ಅವರ ನಾಲ್ಕು ವರ್ಷದ ಮಗಳು ನನ್ನ ಬಳಿಯೇ ಇದ್ದಾಳೆ. ಅಪ್ಪನ ಭಾಷೆಯಲ್ಲಿ ಅವಳು ಅಮ್ಮನನ್ನು ಮಾಮ ಎನ್ನುತ್ತಿದ್ದಳು. ನಮ್ಮ ಭಾಷೆಯಲ್ಲಿ ನಾನೂ ಅವಳಿಗೆ ಮಾಮ. ಬೆಳಿಗ್ಗೆ ಎದ್ದವಳೇ “ಮಾಮಾ” ಎಂದು ಕೂಗುತ್ತಾಳೆ. ಬಾಚಣಿಗೆ ಹಿಡಿದು ಓಡುತ್ತೇನೆ. ನನ್ನ ಮುಖ ನೋಡಿ, “ನೀನಲ್ಲ, ಆ ಮಾಮ,” ಎನ್ನುತ್ತಾಳೆ. ಜಡೆ ಹಾಕುತ್ತೇನೆ, ಸ್ವಾಮಿ.

ಆದ್ದರಿಂದ ಸದರಿ ಅರ್ಥವನ್ನು ಉಳಿಸಬೇಕಾಗಿ ಕೋರುತ್ತೇನೆ. ಹೊಡೆದುಹಾಕಲೇಬೇಕೆಂದಿದ್ದಲ್ಲಿ, ತಾವು ನಮ್ಮ ಮನೆಗೆ ದಯಮಾಡಿಸಿ, ಆ ಮಾಮ ಎಂಬವರು ಯಾರೂ ಇಲ್ಲವೆಂದು ಮಗುವಿಗೆ ಖುದ್ದಾಗಿ ತಿಳಿಸತಕ್ಕದ್ದು. ಬೇಕಾದರೆ ಅಲ್ಲೂ ಕೈ ಎತ್ತಿಸಬಹುದು. ನಾವಿರುವುದು ಇಬ್ಬರೇ.

ಇಂತಿ, ಇನ್ನೂ ಕೆಲಸದಲ್ಲಿರುವವರೆಗೆ
ತಮ್ಮ ವಿಶ್ವಾಸಿ,
(ಸಹಿ)

ಲಗತ್ತು:
ಅಕ್ಕನ ಮರಣ ಪ್ರಮಾಣಪತ್ರ, ನಕಲು.
ಬಾಚಣಿಗೆ, ಅಸಲು. ಬರುವಾಗ ತರುವುದು.

ವಿ.ಸೂ.: ಅವಳು ಏಳುವ ಮುಂಚೆಯೇ ಬನ್ನಿ. ಮೊದಲ ಕೂಗಿಗೆ ತಾವೇ ಓಗೊಡಬೇಕಾಗಿ ವಿನಂತಿ.