ಸೂಜಿಮೊನೆಯಷ್ಟೂ ಬೇಡ

ಗೌರೀಶಂಕರ ಕೆಟ್ಟದ್ದು ಹುರುಳಿಕಾಳಿನಷ್ಟಿದ್ದ ಒಂದು ಬ್ಯಾಟರಿಯಿಂದ. ಅದು ಅವನದೂ ಅಲ್ಲ, ಎಂಬತ್ತಮೂರು ವರ್ಷದ ನಂಜಪ್ಪನವರ ಬಲಗಿವಿಯ ಯಂತ್ರದ್ದು.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಂಜಪ್ಪನವರಿಗೆ ಸಾಲಾಗಿ ಮೂರು ಮಳಿಗೆ. ಮೊದಲನೆಯದರಲ್ಲಿ ಚಿಕ್ಕಯ್ಯನ ಟೀ ಅಂಗಡಿ. ನಡುವಿನದರಲ್ಲಿ ರಿಟೈರಾದ ತಿರುನಾರಾಯಣ ಮೇಷ್ಟರ ಟ್ಯೂಷನ್. ಮೂರನೆಯದರಲ್ಲಿ ಹತ್ತೊಂಬತ್ತು ವರ್ಷದಿಂದ ಗೌರೀಶಂಕರನ ಹೊಲಿಗೆ ಮಿಷನ್ ರಿಪೇರಿ. ನಂಜಪ್ಪನವರಿಗೆ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಓದು ಬರುತ್ತಿರಲಿಲ್ಲ. ದಿನಾ ಸಂಜೆ ಗೌರೀಶಂಕರನ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುವುದು, ಸೋತರೆ ಕವಡೆ ಸರಿಯಿಲ್ಲವೆನ್ನುವುದು, ಇಷ್ಟೇ ಅವರ ಲೋಕವ್ಯವಹಾರ. ಹಿಂದಿನ ವಾರ ಕವಡೆ ಕುಲುಕುತ್ತಾ ಹೇಳಿದ್ದರು:

"ಲೇ ಗೌರೀ, ಒಂದ್ ಉಯಿಲು ಬರ್ಸ್‌ಬುಡ್ತೀನಿ. ನಾನ್ ಸತ್ಮೇಲೆ ಅದರಂಗೆ ಎಲ್ಲಾರ್ಗೂ ಅಂಚೋ ಕೆಲ್ಸ ನಿಂದು. ನಿನ್ ಎಸ್ರೇ ಆಕುಸ್ತೀನಿ, ಆಯ್ತಾ?"

ಗೌರೀಶಂಕರ ಆಯ್ತು ಎಂದ. ಅದಕ್ಕೆ ಸ್ನೇಹ ಒಂದು ಕಾರಣ. ಇನ್ನೊಂದನ್ನು ಹೆಂಡತಿ ರೂಪಶ್ರೀಗೆ ಮಾತ್ರ ಹೇಳಿದ್ದ. ನಂಜಪ್ಪನವರ ಅಕ್ಕನ ಮಗ ರವೀಂದ್ರ ಮೂರು ತಿಂಗಳ ಹಿಂದೆಯೇ ಟೇಪು ತಂದು, ಮೊಬೈಲ್ ಷೋರೂಮ್ ಮಾಡಲು ಮೂರನೇ ಮಳಿಗೆಯ ಅಗಲ ಅಳೆದುಕೊಂಡು ಹೋಗಿದ್ದ. ಅಳೆಯುವಾಗ ಅಡ್ಡ ಕೂತಿದ್ದ ಗೌರೀಶಂಕರನಿಗೆ, "ಒಸಿ ಕಾಲು ಎತ್ತಿ" ಎಂದಿದ್ದ. ಆ ಅಂಗಡಿ ಹೋದರೆ ಗೌರೀಶಂಕರನಿಗೆ ಬೇರೆ ಗತಿಯಿಲ್ಲ. ಪೇಟೆಯಲ್ಲಿ ಈಗಿನವರು ಕೇಳುವ ಅಡ್ವಾನ್ಸಿನ ಮೊತ್ತ ಕಿವಿಗೆ ಬಿದ್ದರೆ ಅವನ ಮಿಷನ್ನುಗಳೇ ಹೊಲಿಗೆ ಮರೆತಾವು. ಉಯಿಲಿನ ಉಸ್ತುವಾರಿ ತನ್ನ ಕೈಯಲ್ಲಿದ್ದರೆ, ಮುಂದೆ ಮಾಲೀಕನಾಗುವವನ ಹತ್ತಿರ "ನನ್ನನ್ನ ಎಬ್ಬಿಸಬೇಡಿ" ಎಂದು ಒಂದು ಮಾತು ಹೇಳಬಹುದಲ್ಲ ಎಂಬುದು ಅವನ ಆಸೆ. ಆಸೆ ಚಿಕ್ಕದೇ. ಆದರೆ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಹೆಜ್ಜೆ ಹೆಜ್ಜೆಗೂ ಒತ್ತುತ್ತಿತ್ತು.

ಉಯಿಲಿನಲ್ಲಿ ಏನಿದೆಯೆಂದು ಅವನು ಕೇಳಲಿಲ್ಲ. ನಂಜಪ್ಪನವರು ಒಬ್ಬರೇ ಹೋಗಿ ಪತ್ರ ಬರಹಗಾರ ಮುರಳೀಕೃಷ್ಣನ ಬಳಿ ಬರೆಸಿ ಬಂದಿದ್ದರು. ಇವತ್ತು ನೋಂದಣಿ. ಯಾರಿಗೂ ಗೊತ್ತಾಗದಂತೆ ಮುಗಿಸಿ ಬರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ನಂಜಪ್ಪನವರು ಟೀ ಅಂಗಡಿಯ ಬೆಂಚಿನ ಮೇಲೆ ಗರಿಗರಿ ಪಂಚೆಯಲ್ಲಿ ಕೂತಿದ್ದರು. ಗೌರೀಶಂಕರ ಬಗ್ಗಿ ಅವರ ಕಿವಿಯಲ್ಲಿ ಮೆಲ್ಲಗೆ, "ಹೊರಡಾಣ್ವಾ ಗೌಡ್ರೇ?" ಎಂದ.

"ಏನು?"

"ಆಫೀಸಿಗೆ. ಹೊರಡಾಣ್ವಾ?"

"ಕಿವಿ ಮಿಷನ್ದು ಬ್ಯಾಟ್ರಿ ಓಗದೆ ಕಣ್ಲಾ. ಜೋರಾಗ್ ಏಳು."

ಗೌರೀಶಂಕರ ಮೆಡಿಕಲ್ ಸ್ಟೋರಿಗೆ ಓಡಿದ. ಆ ಬ್ಯಾಟರಿ ಹಾಸನದಿಂದ ಬರಬೇಕು, ನಾಳೆ ಬನ್ನಿ ಎಂದರು. ವಾಪಸು ಬಂದು ಕೈಸನ್ನೆ ಮಾಡಿದ. ನಂಜಪ್ಪನವರು ಅದನ್ನು ತಿಂಡಿಯ ವಿಷಯವೆಂದು ತಿಳಿದು "ಇಡ್ಲಿ ಆಯ್ತು" ಎಂದರು. ಬೇರೆ ದಾರಿ ಕಾಣದೆ ಗೌರೀಶಂಕರ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ:

"ಉಯಿಲು! ಉಯಿಲು ರಿಜಿಸ್ಟ್ರು ಮಾಡ್ಸಾಕೆ!"

ಬೀದಿ ಗಕ್ಕನೆ ನಿಂತಿತು. ಚಿಕ್ಕಯ್ಯ ಎತ್ತರದಿಂದ ಹೊಯ್ಯುತ್ತಿದ್ದ ಟೀ, ಲೋಟ ತಪ್ಪಿ ಅವನ ಕಾಲಿನ ಮೇಲೆ ಬಿತ್ತು. ಸುಟ್ಟುಕೊಂಡದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಉಯಿಲಾ? ಯಾರ್ಗ್ ಏನ್ ಬರ್ದವ್ರೆ? ಅಲ್ಲಾ ಗೌರಣ್ಣ, ನೀನ್ಯಾಕೆ ಕರ್ಕೊಂಡ್ ಓಯ್ತಿದೀಯ?"

"ನಾನು ಬರೀ ಎಕ್ಸಿಕ್ಯೂಟರ್ ಕಣೋ."

"ಕನ್ನಡದಲ್ಲಿ ಹೇಳಪ್ಪಾ, ಉಯಿಲಿನ ನಿರ್ವಾಹಕ" ಎನ್ನುತ್ತಾ ತಿರುನಾರಾಯಣ ಮೇಷ್ಟರು ಪಕ್ಕದ ಮೆಟ್ಟಿಲಿಳಿದು ಬಂದರು.

"ನಿರ್ವಾಹಕ ಅಂದ್ರೆ ಬಸ್ ಕಂಡಕ್ಟ್ರಲ್ವಾ ಸಾ? ದುಡ್ಡಿನ ಬ್ಯಾಗು ಅವನ ಕಂಕುಳಲ್ಲೇ ಅಲ್ವಾ ಇರಾದು!" ಎಂದ ಚಿಕ್ಕಯ್ಯ.

ಕಾಲು ಗಂಟೆಯಲ್ಲಿ ರವೀಂದ್ರನ ಕಾರು ಬಂದು ನಿಂತಿತು. ಫೋನು ಮಾಡಿದವನು ಚಿಕ್ಕಯ್ಯ. "ಮಾವ, ನಾನಿರೋವಾಗ ಆಟೋದಲ್ಲಿ ಯಾಕೆ ಓಗ್ತೀರಿ?" ಎಂದು ರವೀಂದ್ರ ಮಾವನನ್ನು ಮುಂದೆ ಕೂರಿಸಿದ. ಹಿಂದಿನ ಸೀಟಿನಲ್ಲಿ ಮೇಷ್ಟರಿಗೂ ಚಿಕ್ಕಯ್ಯನಿಗೂ ನಡುವೆ ಗೌರೀಶಂಕರ, ಠಾಣೆಗೆ ಹೊರಟ ಕಳ್ಳನಂತೆ.

"ಎಷ್ಟ್ ಬರ್ಸ್ಕೊಂಡೆ ಗೌರಣ್ಣ?" ಎಂದು ಚಿಕ್ಕಯ್ಯ ತೊಡೆಗೆ ತಟ್ಟಿದ.

"ದೇವರಾಣೆ ನನಗೆ ಗೊತ್ತಿಲ್ಲ."

ರವೀಂದ್ರ ಕನ್ನಡಿಯಲ್ಲಿ ನೋಡಿ ನಕ್ಕ. "ಅತ್ತೊಂಬತ್ತು ವರ್ಸ ಸುಮ್ಸುಮ್ನೆ ಯಾರಾದ್ರೂ ಚೌಕಾಬಾರ ಆಡ್ತಾರಾ? ಕಾಯಿ ಎಲ್ಲಿಗೆ ನಡಿಸ್ಬೇಕು ಅಂತ ಗೊತ್ತಿರೋರೇ ಆಡಾದು."

ಗೌರೀಶಂಕರನ ಮುಖ ಕೆಂಪಾಯಿತು. ಪೂರ್ತಿ ಸುಳ್ಳಾಗಿದ್ದರೆ ಅಷ್ಟು ಕೆಂಪಾಗುತ್ತಿರಲಿಲ್ಲ.

ಮುರಳೀಕೃಷ್ಣನ ಕೋಣೆ ತಾಲ್ಲೂಕು ಕಚೇರಿಯ ಎದುರು, ಒಂದು ಮೇಜು ನಾಲ್ಕು ಕುರ್ಚಿಗೆ ಮುಗಿದುಹೋಗುವಂಥದ್ದು. ಮೇಷ್ಟರು ಒಳಗೆ ಬಂದವರೇ ಪೆನ್ನಿನ ಮುಚ್ಚಳ ತೆಗೆದರು. "ಸಾಕ್ಷಿಗೆ ನಾನೂ ಚಿಕ್ಕಯ್ಯನೂ ಬಂದಿದೀವಿ. ಎಲ್ಲಿ ರುಜು ಮಾಡ್ಬೇಕು?"

"ನೀವಿಬ್ರೂ ಬೇಡಿ ಸಾರ್. ಬೇರೆಯವರನ್ನ ಕರೆಸಿದ್ದೀನಿ."

"ಯಾಕೆ?"

"ಕಾರಣ ಇದೆ. ಈಗ ಹೇಳೋ ಹಂಗಿಲ್ಲ."

ಎಲ್ಲರೂ ತಿರುಗಿ ಗೌರೀಶಂಕರನನ್ನು ನೋಡಿದರು. "ಮೂವತ್ನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ರುಜು ಹಾಕಿದ ಕೈ ಇದು" ಎಂದರು ಮೇಷ್ಟರು. "ಈ ಕೈ ಆಗಲ್ಲ ಅಂದ್ರೆ ಒಳಗೇನೋ ಮುಚ್ಚಿಟ್ಟಿದಾರೆ ಅಂತಲೇ ಅರ್ಥ."

ಮುರಳೀಕೃಷ್ಣ ಉಯಿಲನ್ನು ಗೌರೀಶಂಕರನ ಕಡೆ ಸರಿಸಿದ. "ನಿರ್ವಾಹಕರು ನೀವು. ಬೇರೆಯವರಿಗೆ ತೋರ್ಸೋ ಹಂಗಿಲ್ಲ, ನೀವೊಬ್ರೇ ಒಂದ್ಸಲ ಓದ್ಕೊಂಡ್ಬಿಡಿ."

ಗೌರೀಶಂಕರ ಕಾಗದದಲ್ಲಿ ಹಾವಿದ್ದಂತೆ ಕೈ ಹಿಂದಕ್ಕೆ ಕಟ್ಟಿಕೊಂಡ. "ಬೇಡ. ಓದಿದ್ರೆ, ನೋಡಿದ್ಯಾ ಓದ್ದ ಅಂತಾರೆ."

"ಓದೋದೇನು ಬಂತು, ಏಳಿ ಬರ್ಸ್ದೋನಿಗೆ?" ಎಂದ ರವೀಂದ್ರ.

ಅಷ್ಟು ಹೊತ್ತಿನಿಂದ ನುಂಗಿದ್ದೆಲ್ಲ ಗೌರೀಶಂಕರನ ಗಂಟಲಿಗೆ ಬಂತು. "ಮುರಳೀಕೃಷ್ಣ ಅವ್ರೇ, ಬರೀರಿ ಅದ್ರಲ್ಲಿ! ಗೌರೀಶಂಕರನಿಗೆ ಒಂದು ಸೂಜೀನೂ ಸೇರಬಾರ್ದು ಅಂತ ಬರೀರಿ!"

"ಅದೆಲ್ಲ ಅಗತ್ಯ ಇಲ್ಲ ಬಿಡಿ" ಎಂದು ಮುರಳೀಕೃಷ್ಣ ಕೆಮ್ಮಿದ.

"ಅಗತ್ಯ ಇದೆ!"

ಮುರಳೀಕೃಷ್ಣ ಇನ್ನೊಮ್ಮೆ ಕೆಮ್ಮಿದ. ಮೇಜಿನ ಕೆಳಗೆ ಗೌರೀಶಂಕರನ ಪಾದ ತುಳಿದ. ಗೌರೀಶಂಕರ, "ಜಾಗ ಸಾಲ್ತಿಲ್ವಾ?" ಎಂದು ಕಾಲು ಎಳೆದುಕೊಂಡ.

ಮೇಷ್ಟರಿಗೆ ಉತ್ಸಾಹ ಬಂತು. ಕಣ್ಣು ಮುಚ್ಚಿ ಹೇಳಿ ಬರೆಸಿದರು: "ಸದರಿ ಗೌರೀಶಂಕರನಿಗೆ ನನ್ನ ಸ್ವತ್ತಿನಲ್ಲಿ ಸೂಜಿಮೊನೆಯಷ್ಟೂ ಸೇರತಕ್ಕದ್ದಲ್ಲ."

"ಮೇಲೆ ಎಲ್ಲಾದ್ರೂ ತೂರ್ಸಿದ್ರೆ?" ರವೀಂದ್ರನ ಅನುಮಾನ.

"ಅದಕ್ಕೂ ಬರೀರಿ" ಎಂದು ಗೌರೀಶಂಕರನೇ ಮೇಜು ಗುದ್ದಿದ. "ಮೇಲೆ ಏನೇ ಬರೆದಿದ್ದರೂ ಈ ಕಡೆಯ ಮಾತೇ ಊರ್ಜಿತ ಅಂತ ಸೇರ್ಸಿ!"

"ಉಯಿಲು ಗೌಡ್ರದು. ಅವ್ರು ಒಪ್ಪಬೇಕು" ಎಂದ ಮುರಳೀಕೃಷ್ಣ, ಕೊನೆಯ ಹುಲ್ಲುಕಡ್ಡಿ ಹಿಡಿದವನಂತೆ.

ಗೌರೀಶಂಕರ ನಂಜಪ್ಪನವರ ಕಿವಿಗೆ ಬಾಯಿಟ್ಟು ಅರಚಿದ. "ನನಗೇನೂ ಬ್ಯಾಡ ಅಂತ ಬರೆಸ್ತಿದೀನಿ ಗೌಡ್ರೇ!"

ನಂಜಪ್ಪನವರು ಅವನನ್ನೇ ನೋಡಿದರು. "ಏನೂ ಬ್ಯಾಡ್ವಾ?"

"ಏನೂ ಬ್ಯಾಡ!"

"ಗ್ಯಾನ ಇಟ್ಕಂಡ್ ಏಳ್ತಿದೀಯ ತಾನೇ?"

"ಹೂಂ!"

"ನಿನ್ ಎಂಡ್ರುನ್ ಒಂದ್ ಮಾತ್ ಕೇಳ್ದಾ?"

"ಕೇಳೋದೇನಿದೆ ಇದ್ರಲ್ಲಿ!"

ಮುದುಕ ಟವಲಿನಿಂದ ಕಣ್ಣೊರೆಸಿಕೊಂಡರು. "ಇಂತೋರೂ ಅವ್ರಲ್ಲಪ್ಪಾ ಈ ಕಾಲ್ದಾಗೆ. ಆಕಿ ಸ್ವಾಮಿ, ಅವ್ನ್ ಏಳ್ದಂಗೇ ಆಕಿ."

ಹೊರಗೆ ಅರ್ಜಿ ಬರೆಸುತ್ತಿದ್ದವರೂ ಇಣುಕಿ ನೋಡಿದರು. ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಬಾಗಿಹೋಗಿದ್ದ ಗೌರೀಶಂಕರನ ಬೆನ್ನು ಎಷ್ಟೋ ವರ್ಷಗಳ ಮೇಲೆ ನೆಟ್ಟಗಾಯಿತು.

ಮಧ್ಯಾಹ್ನದೊಳಗೆ ಹೆಬ್ಬೆಟ್ಟು, ಫೋಟೊ, ಸಾಕ್ಷಿ, ಎಲ್ಲ ಮುಗಿಯಿತು. ವಾಪಸು ಬರುವಾಗ ಕಾರಿನಲ್ಲಿ ಗೌರೀಶಂಕರನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. "ತಪ್ಪು ತಿಳ್ಕಂಡಿದ್ದೋ ಗೌರಣ್ಣ" ಎಂದ ಚಿಕ್ಕಯ್ಯ. ಹೊಳೆ ನೋಡಬೇಕೆಂದು ನಂಜಪ್ಪನವರು ಹೇಮಾವತಿ ಸೇತುವೆಯ ಮೇಲೆ ಕಾರು ನಿಲ್ಲಿಸಿದರು. ಇಳಿದು, ಕಿವಿಯ ಯಂತ್ರ ಕಿತ್ತು, ಕವಡೆ ಎಸೆದಂತೆ ನೀರಿಗೆ ಎಸೆದರು.

"ಮಾವಾ! ಅದಿನೆಂಟು ಸಾವ್ರದ್ದು!"

"ಏಳಾದೆಲ್ಲ ಏಳಾಯ್ತು. ಇನ್ ಯಾರ್ ಮಾತೂ ಕೇಳಾದು ಬ್ಯಾಡ ನಂಗೆ. ಬೆಳಿಗ್ಗಿಂದ ಏನ್ ಸುಖ ಅಂತೀಯ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗೌರೀಶಂಕರ.

ಮೂರು ಗಂಟೆಗೆ ಮುರಳೀಕೃಷ್ಣ ಅಂಗಡಿಗೆ ಬಂದ. ಬಾಗಿಲು ಅರ್ಧ ಮುಚ್ಚಿ, ಉಯಿಲಿನ ನಕಲನ್ನು ಮಿಷನ್ನಿನ ಮೇಲಿಟ್ಟ. "ನಾನು ಎರಡು ಸಲ ಕೆಮ್ಮಿದೆ. ಒಂದು ಸಲ ಕಾಲು ತುಳಿದೆ. ಇನ್ನೇನು ಸಾರ್, ಕಚ್ಚಬೇಕಿತ್ತಾ?"

ಗೌರೀಶಂಕರ ಓದಿದ. ಮೊದಲನೇ ಮಳಿಗೆ ಚಿಕ್ಕಯ್ಯನಿಗೆ. ಎರಡನೆಯದು ತಿರುನಾರಾಯಣ ಮೇಷ್ಟರಿಗೆ. "ಪಾಲು ಸಿಗೋರನ್ನ ಸಾಕ್ಷಿ ಹಾಕಿದ್ರೆ ನಾಳೆ ತಕರಾರು ಬರುತ್ತೆ. ಅದಕ್ಕೇ ಅವರಿಬ್ರೂ ಬೇಡ ಅಂದಿದ್ದು" ಎಂದ ಮುರಳೀಕೃಷ್ಣ. ಗೌರೀಶಂಕರನ ಕಣ್ಣು ಆಗಲೇ ಕೆಳಗಿನ ಸಾಲಿನಲ್ಲಿತ್ತು. "ಮೂರನೇ ಮಳಿಗೆ, ನನ್ನ ಗೆಳೆಯನೂ ಕವಡೆ ಆಡಲು ಬಾರದವನೂ ಆದ ಗೌರೀಶಂಕರನಿಗೆ."

ಅವನು ಅದನ್ನು ಎರಡು ಸಲ ಓದಿದ. ಆಮೇಲೆ, ತಾನೇ ಮೇಜು ಗುದ್ದಿ ಬರೆಸಿದ ಕಡೆಯ ಸಾಲನ್ನು ಓದಿದ. ಕಾಲಿನ ಕೆಳಗಿನ ನೆಲದಲ್ಲಿ ನಿನ್ನೆಯ ಚೌಕಾಬಾರದ ಮನೆಗಳು ಇನ್ನೂ ಅಳಿಸಿರಲಿಲ್ಲ.

"ಹಂಗಾದ್ರೆ ಇದು ಯಾರಿಗೆ ಹೋಗುತ್ತೆ?"

"ಇಲ್ಲಿ ನೋಡಿ. 'ಬಾಕಿ ಉಳಿದದ್ದೆಲ್ಲ ರವೀಂದ್ರನಿಗೆ.' ಅದರ ಕೆಳಗೆ ಇನ್ನೊಂದಿದೆ. 'ರವೀಂದ್ರನ ಪಾಲಿನ ಕಟ್ಟಡದಲ್ಲಿ ಬಾಡಿಗೆಗೆ ಇರುವವರನ್ನು ಮೂವತ್ತು ದಿನದಲ್ಲಿ ಖಾಲಿ ಮಾಡಿಸಿ ಬೀಗದಕೈ ಒಪ್ಪಿಸುವುದು ನಿರ್ವಾಹಕನ ಹೊಣೆ.' ಹಳೇಕೋಟೇಲಿ ಗೌಡ್ರದೇ ಇನ್ನೊಂದು ಮನೆ ಇದೆಯಲ್ಲ, ಅಲ್ಲಿರೋ ಬಾಡಿಗೆಯವರ್ನ ಮನಸ್ಸಲ್ಲಿಟ್ಕೊಂಡು ಅವರು ಹಂಗೆ ಬರೆಸಿದ್ದು."

"ಅಂದ್ರೆ ನನಗೆ ನಾನೇ ನೋಟಿಸು ಕೊಡ್ಬೇಕಾ?"

"ಪೋಸ್ಟಲ್ಲಿ ಕಳಿಸಿ. ತಲುಪಿದೆ ಅಂತ ಸೈನೂ ನೀವೇ ಹಾಕ್ಬೇಕಾಗುತ್ತೆ."

"ನಾನು ನಿರ್ವಾಹಕ ಆಗೋದಿಲ್ಲ ಅಂದ್ರೆ?"

"ಬದಲಿ ನಿರ್ವಾಹಕ ರವೀಂದ್ರ. ಅವನು ಮೂವತ್ತು ದಿನಾನೂ ಕೊಡಲ್ಲ."

ಗೌರೀಶಂಕರ ಸ್ಟೂಲಿನ ಮೇಲೆ ಕುಸಿದ. ಎಲ್ಲರಿಗೂ ಟಿಕೆಟು ಹರಿದುಕೊಟ್ಟು, ಎಲ್ಲರನ್ನೂ ಅವರವರ ಊರಿಗಿಳಿಸಿ, ತಾನು ನಿಂತುಕೊಂಡೇ ಹೋಗುವ ಕಂಡಕ್ಟರನ ಚಿತ್ರ ಕಣ್ಣೆದುರು ಬಂತು.

"ಯಾಕೆ ಹಿಂಗೆ ಕೂತ್ರಿ? ಬದುಕಿರೋವರೆಗೂ ಗೌಡ್ರು ಉಯಿಲು ಬದಲಾಯಿಸಬಹುದು. ಆ ಸಾಲು ತೆಗೀರಿ ಅಂತ ಅವರು ಬಂದು ಹೇಳಿದ್ರೆ ಸಾಕು. ನಾನು ಬಾಯಿ ಹಾಕಿದ್ರೆ ಲೈಸೆನ್ಸ್ ಹೋಗುತ್ತೆ. ನೀವೇ ಅವರ ಕಿವೀಲಿ ಒಂದು ಮಾತು ಹೇಳಿ."

ಗೌರೀಶಂಕರ ಜಿಗಿದೆದ್ದು ಹೊರಗೋಡಿದ.

ನಂಜಪ್ಪನವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಇನ್ನು ಮೇಲೆ ಮಾವನನ್ನು ಒಬ್ಬರನ್ನೇ ಬಿಡುವುದಿಲ್ಲವೆಂದು ರವೀಂದ್ರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದ. ಮೇಷ್ಟರು ಮೆಟ್ಟಿಲ ಮೇಲೆ ನಿಂತು, ಬೆಳಗಿನ ಕತೆಯನ್ನು ಯಾರಿಗೋ ನಾಲ್ಕನೇ ಸಲ ಹೇಳುತ್ತಿದ್ದರು. "ನೋಡಿ, ಅಗೋ ಬಂದ. ಸೂಜಿಮೊನೆಯಷ್ಟೂ ಬೇಡ ಅಂದ ಮಹಾನುಭಾವ!"

ಗೌರೀಶಂಕರ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದ. "ಗೌಡ್ರೇ, ಆ ಕಡೇ ಸಾಲು..."

"ಏನು?"

"ಆ ಕಡೇ ಸಾಲು ತೆಗೆಸಾಣ."

"ಲೇ, ಕೇಳ್ತಿಲ್ಲ ಕಣ್ಲಾ. ಬೆಳಿಗ್ಗೆ ಅಂದ್ಯಲ್ಲ, ಅಂಗೆ ಜೋರಾಗ್ ಏಳು!"

ಗೌರೀಶಂಕರ ಎದೆ ತುಂಬ ಉಸಿರೆಳೆದುಕೊಂಡ. ಬೀದಿ ಮತ್ತೆ ನಿಂತಿತು. ಚಿಕ್ಕಯ್ಯನ ಕೈಯ ಟೀ ಅರ್ಧಕ್ಕೇ ನಿಂತಿತು. ಮೇಷ್ಟರು ಮಾತು ನಿಲ್ಲಿಸಿ ಕತ್ತು ಚಾಚಿದರು. ರವೀಂದ್ರ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ಸಣ್ಣಗೆ ಒಂದು ನಗು ಕಾಯುತ್ತಿತ್ತು.

"ಊಟ..." ಎಂದು ಗೌರೀಶಂಕರ ರವೀಂದ್ರನ ಕಡೆ ಒಮ್ಮೆ ನೋಡಿದ. ಮತ್ತೆ ಕೂಗಿದ. "ಊಟ ಆಯ್ತಾ ಅಂದೆ, ಗೌಡ್ರೇ!"

"ಓ, ಆಯ್ತು ಕಣಪ್ಪ. ನಿಂದು?"

"ನಂದೂ ಆಯ್ತು" ಎಂದ ಗೌರೀಶಂಕರ, ಈ ಸಲ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.