ಹೆಣ್ಣು ನೋಡಲು ಹೋಗಿ ಸಂಘ ಕಟ್ಟಿ ಬಂದದ್ದು

ನಮ್ಮ ಮನೆಗೆ ಲಾಯರ್ ನೋಟಿಸು ಕಳಿಸಿದ ಗಂಡಸು ಇಡೀ ಮೈಸೂರಿನಲ್ಲಿ ಒಬ್ಬರೇ. ಅವರೇ ನಮ್ಮ ಬೀಗರು, ಸೊಸೆಯ ತಂದೆ. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ, ಯಾರನ್ನೂ ಆಡಿಕೊಳ್ಳಬಾರದು ಅಂದುಕೊಂಡಿದ್ದೆ. ಆದರೆ ಬೀಗರನ್ನು ಬಿಟ್ಟು ಆ ಸಂತೋಷ ಹೇಳುವುದಾದರೂ ಹೇಗೆ? ಮೂರನೇ ಕ್ಲಾಸಿಗೇ ಬಳಪ ಕೆಳಗಿಟ್ಟವಳು ನಾನು; ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಅವರ ತಾತ ಅರಮನೆಯಲ್ಲಿ ಕೆಲಸಕ್ಕಿದ್ದರಂತೆ. ಜೀವಮಾನವೆಲ್ಲ ಬಗ್ಗಿ ನಮಸ್ಕಾರ ಮಾಡಿದ ಆ ತಾತನ ಬೆನ್ನು ನೆಟ್ಟಗೆ ಮಾಡಲೆಂದೇ ಹುಟ್ಟಿದವರ ಹಾಗೆ ಈ ಮೊಮ್ಮಗ ಸಿಕ್ಕವರ ಮೇಲೆಲ್ಲ ಕೇಸು ಹಾಕುತ್ತಾರೆ. ಕೆರೆಗೆ ಮಣ್ಣು ಸುರಿದವರ ಮೇಲೆ, ಮೋರಿ ನೀರು ಬಿಟ್ಟವರ ಮೇಲೆ, ಮರಕ್ಕೆ ಮೊಳೆ ಹೊಡೆದು ಟ್ಯೂಷನ್ ಬೋರ್ಡು ತಗುಲಿಸಿದವರ ಮೇಲೆ. ಮೈಮೇಲೆ ಸದಾ ವಕೀಲರ ಕರಿ ಕೋಟು. ಸುಡುಬೇಸಿಗೆಯಲ್ಲೂ ಅದೇ, ಮದುವೆ ಊಟದಲ್ಲೂ ಅದೇ. ಕೇಳಿದರೆ, “ತಡೆಯಾಜ್ಞೆ ಯಾವ ಗಳಿಗೇಲಿ ಬೇಕಾಗುತ್ತೋ ಹೇಳಕ್ಕಾಗಲ್ಲ ಕಣ್ರೀ” ಎನ್ನುತ್ತಾರೆ. ಬದನೆಕಾಯಿ ಕೊಳ್ಳುವಾಗಲೂ ಬೇಕಾಗುತ್ತದೆಯೇ?

ಈ ಕೇಸುಗಳನ್ನೆಲ್ಲ ಹಾಕಲು ಕೆರೆ, ಮರ ಉಳಿಸುವ ಒಂದು ಸಂಘವಿದೆ. ಅದು ಹುಟ್ಟಿದ ಕಥೆ ಕೇಳಿ. ನಾನು, ನಮ್ಮ ಯಜಮಾನರು, ಮಗ, ಮೂವರೂ ಹಿನಕಲ್ಲಿನಿಂದ ಹೊರಟು ಸಿದ್ಧಾರ್ಥನಗರದ ಅವರ ಮನೆಗೆ ಹೆಣ್ಣು ನೋಡಲು ಹೋದೆವು. ಹುಡುಗ ಹುಡುಗಿ ಕಾಲೇಜಿನಲ್ಲೇ ಒಪ್ಪಿಕೊಂಡಾಗಿತ್ತು. ನಮ್ಮದು ಬರೀ ಕೇಸರಿಬಾತು ತಿನ್ನುವ ಶಾಸ್ತ್ರ. ತಟ್ಟೆ ಮುಂದಿಟ್ಟು ಬೀಗರು ಕೇಳಿದ್ದೇನು? ಹುಡುಗನ ಕೆಲಸವೇ? ಜಾತಕವೇ?

“ನಿಮ್ಮಲ್ಲಿ ಎಲ್ಲರಿಗೂ ಸಹಿ ಮಾಡಕ್ಕೆ ಬರುತ್ತಾ?”

ಸಂಘ ನೋಂದಾಯಿಸಲು ಏಳು ಜನ ಬೇಕಂತೆ. ಮನೆಯವರನ್ನೆಲ್ಲ ಹಿಡಿದು ಸೇರಿಸಿದರೂ ನಾಲ್ಕೇ ತಲೆ. ಅಕ್ಕಪಕ್ಕದವರು ಇವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾವೋ, ನಾವಾಗಿಯೇ ಬಂದು ಬಲೆಗೆ ಬಿದ್ದಿದ್ದೆವು. ಎಲ್ಲಿ ಹೆಣ್ಣು ಕೊಡುವುದಿಲ್ಲ ಅನ್ನುತ್ತಾರೋ ಎಂದು ನಮ್ಮ ಯಜಮಾನರು ಹೆದರಿ ಸಹಿ ಹಾಕಿದರು, ಹಿಂದೆಯೇ ಮಗ. ನಾನೂ ಅಕ್ಷರ ಕೂಡಿಸಿ ಬರೆದೆ. ವಾಪಸು ಬರುವಾಗ ಯಜಮಾನರು ಕೇಳಿದರು, “ಹೆಣ್ಣು ಎಂಗಿದ್ಲಮ್ಮೀ?”

“ನೋಡಕ್ಕೆ ಅವರಪ್ಪ ಎಲ್ಲಿ ಬುಟ್ರು?” ಅಂದೆ.

ಸಂಘಕ್ಕೊಂದು ನಿಯಮ: ಸದಸ್ಯರು ಯಾವ ಮರಕ್ಕೂ ಮೊಳೆ ಹೊಡೆಯಬಾರದು, ಹಗ್ಗ ಕಟ್ಟಬಾರದು. ಮದುವೆಯಾದ ವಾರದಲ್ಲೇ ಬೀಗರು ಬಂದು, ನಮ್ಮ ಬಾಗಿಲ ಹೊಂಗೆಮರಕ್ಕೆ ಕಟ್ಟಿದ್ದ ಬಟ್ಟೆ ಹಗ್ಗವನ್ನು ತಾವೇ ಬಿಚ್ಚಿ, ಒದ್ದೆ ಸೀರೆಗಳನ್ನು ನನ್ನ ತೋಳಿಗೆ ಹೇರಿದರು. “ಸದಸ್ಯರೇ ಹೀಗೆ ಮಾಡಿದ್ರೆ ಹೇಗೆ ಬೀಗಿತ್ತಿಯವರೇ?”

ಅಷ್ಟೆಲ್ಲ ಮಾಡಿ ಗೆದ್ದದ್ದೇನು ಅಂತ ಮಾತ್ರ ಕೇಳಬೇಡಿ. ಒಮ್ಮೆ ಊರಂಚಿನ ರಸ್ತೆಯ ಸಾಲುಮರಗಳನ್ನು ಕಡಿಯದಂತೆ ತಡೆಯಾಜ್ಞೆ ಸಿಕ್ಕಿತು. ಕಾಗದ ಹಿಡಿದು ಸ್ಕೂಟರಿನಲ್ಲಿ ಓಡೋಡಿ ಹೋದರೆ ಅಲ್ಲಿ ಮರವಿಲ್ಲ, ಬೊಡ್ಡೆಗಳಿವೆ. ಯಾರಾದರೂ ಏನು ಮಾಡುತ್ತಾರೆ? ಮನೆಗೆ ಹೋಗುತ್ತಾರೆ. ಇವರು ಅಲ್ಲೇ ನಿಂತು ಬೊಡ್ಡೆಗಳಿಗೆ ಆದೇಶ ಓದಿ ಹೇಳಿದರು. ಜೊತೆಗೆ ಹೋಗಿದ್ದ ಮಗ ಬಂದು, “ಕೊನೇ ಸಾಲಿನ ತನಕ ಓದಿದ್ರು ಕಣಮ್ಮ” ಅಂದಾಗ ನಾವು ನಗಲಾರದೆ ನಕ್ಕೆವು.

ಸೊಸೆಗೆ ತಿಂಗಳು ತುಂಬುತ್ತಿತ್ತು. ಮಗುವಿಗೆಂದು ಮಗ ಮನೆಗೆ ಸೇರಿಸಿ ಒಂದು ರೂಮು ಕಟ್ಟಿಸಲು ಹೊರಟ. ಹೊಂಗೆಮರ ಅಡ್ಡ ಬಂತು. ಕಡಿಯಲು ಅರ್ಜಿ ಹಾಕಿದ. ಬೆಳಗ್ಗೆ ಸಂಘದಿಂದ ನೋಟಿಸು ಬಂತು, ಸಂಜೆ ಹೋಳಿಗೆ ಡಬ್ಬಿ ಹಿಡಿದು ಬೀಗರೇ ಬಂದರು.

“ಇದೇನು ಬೀಗರೇ, ಮಗಳ ಮನೆಗೇ ನೋಟಿಸಾ?”

“ಅದನ್ನ ಕಳಿಸಿದ್ದು ಸಂಘ. ಹೋಳಿಗೆ ತಂದಿದ್ದು ನಾನು. ತಿನ್ನಿ, ತುಪ್ಪ ಜಾಸ್ತಿ ಹಾಕಿಸಿದ್ದೀನಿ.”

ಆ ಸಂಘದಲ್ಲಿ ನನ್ನ ಸಹಿಯೂ ಇದೆಯಲ್ಲ! ಅಂದರೆ ನಮ್ಮ ಮನೆಗೆ ನಾನೇ ನೋಟಿಸು ಕೊಟ್ಟುಕೊಂಡಿದ್ದೆ.

ಮಗ ಸೋತು ಗೋಡೆಯನ್ನು ಒಳಕ್ಕೆ ಸರಿಸಿದ. ಮರ ಉಳಿಯಿತು, ರೂಮು ಗೂಡಾಯಿತು. ಮಂಚ ಹಾಕಿದರೆ ತೊಟ್ಟಿಲಿಗೆ ಜಾಗವಿಲ್ಲ. ಮರಕ್ಕೆ ಸಿಕ್ಕ ನ್ಯಾಯ ನನ್ನ ಕೂಸಿಗೆ ಸಿಗಲಿಲ್ಲವಲ್ಲ ಎಂದು ಬೀಗರನ್ನು ಬಾಯಿತುಂಬ ಶಪಿಸಿದೆ.

ನಾಮಕರಣದ ದಿನ ತೊಟ್ಟಿಲನ್ನು ನಡುಮನೆಯಲ್ಲೇ ಇಟ್ಟೆವು. ಮನೆ ತುಂಬ ನೆಂಟರು. ಹೆಸರಿಟ್ಟು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಸೆಕೆಗೆ ಮಗು ಕಿರುಚಿ ಕಿರುಚಿ ಕೆಂಪಾಯಿತು. ಎತ್ತಿಕೊಂಡು ಹೊರಗೆ ಬಂದೆ.

“ಹೊಂಗೆ ನೆಳ್ಳಲ್ಲಿ ಒಂದು ಜೋಲಿ ಕಟ್ಬುಡಿ” ಅಂದೆ. ಎಲ್ಲರೂ ಬೀಗರ ಮುಖ ನೋಡಿದರು. “ನಿಮ್ಮ ನಿಯಮ ಅಡ್ಡ ಬಂದ್ರೆ ಇವತ್ತಿಗೇ ನಾನು ಸಂಘ ಬುಟ್ಟೆ ಅಂತ ಬರ್ಕೊಳಿ.”

“ಬಿಡಬೇಡಿ, ಆರೇ ಜನ ಆಗ್ಬಿಡ್ತೀವಿ” ಅಂದರು ಗಾಬರಿಯಿಂದ. “ಏಳೂ ಜನ ಇಲ್ಲೇ ಇದ್ದೀವಿ. ಸಭೆ ಕರೆದಿದ್ದೀನಿ. ಈ ಮರಕ್ಕೆ, ಈ ಮಗುವಿಗೋಸ್ಕರ, ಒಂದು ಹಗ್ಗ. ಒಪ್ಪೋರು ಕೈ ಎತ್ತಿ.”

ಎಲ್ಲರೂ ಎತ್ತಿದರು. ನನ್ನ ಕೈತುಂಬ ಮಗು. ಅದರ ಪುಟ್ಟ ಮುಷ್ಟಿಯನ್ನೇ ಎತ್ತಿ ಹಿಡಿದೆ.

ಬೀಗರು ಕೋಟು ಕಳಚಿದರು. ಮಡಿಸಿ ಕೊಂಬೆಯ ಮೇಲಿಟ್ಟು ಅದರ ಮೇಲೆ ಹಗ್ಗ ಹಾಯಿಸಿದರು.

“ಕೋಟು ಮರಕ್ಕೋ, ಮಗೀಗೋ?” ಎಂದು ಕೆಣಕಿದೆ. ಅವರು ತೋಳೆತ್ತಿ ಗಂಟು ಬಿಗಿದರು. ಕೋಟಿಲ್ಲದ ಆ ಭುಜಗಳು ಎಷ್ಟು ಸಣ್ಣವು ಅಂತ ನಾನು ನೋಡಿದ್ದೇ ಆವತ್ತು.

ಜೋಲಿ ತೂಗಿತು. ಮಗು ಎಲೆಗಳ ಕಡೆ ಕಣ್ಣು ಬಿಟ್ಟು, ಹಾಗೆಯೇ ಮುಚ್ಚಿತು. ಬೀಗರು ಮರದ ಬುಡಕ್ಕೆ ಹೋಗಿ, ಮಗುವಿಗೆ ಎಚ್ಚರವಾಗದ ಹಾಗೆ ಮೆಲ್ಲನೆ, ಸಂಘದ ತೀರ್ಮಾನವನ್ನು ಮರಕ್ಕೆ ಹೇಳಿದರು.

ಯಾರೂ ನಗಲಿಲ್ಲ. ಈ ಸಲ ಕೇಳಿಸಿಕೊಳ್ಳುವುದಕ್ಕೆ ಮರ ನಿಂತಿತ್ತು.