ಗೋಡೆಯ ಮೇಲೆ ಎಕ್ಸ್‌ಪೆಕ್ಟೊರೇಟ್

ನಾನು ಸ್ಟೇಷನ್ ಮಾಸ್ತರನಾಗಿ ನಿವೃತ್ತನಾಗಿ ಕೊಟ್ಟೂರಿನಲ್ಲಿ ನೆಲೆಸಿದವನು. ಏಳುವುದು, ಸ್ನಾನ, ಚಹಾ, ಎಲ್ಲಕ್ಕೂ ವೇಳಾಪಟ್ಟಿ ಇದೆ. ಚಹಾ ಮುಗಿದ ಮೇಲೆ ನಿಘಂಟಿನಿಂದ ಒಂದು ಹೊಸ ಇಂಗ್ಲಿಷ್ ಶಬ್ದ ಕಲಿಯುವುದೂ ಅದರಲ್ಲಿ ಸೇರಿದೆ.

ಆ ದಿನದ ಶಬ್ದ ಎಕ್ಸ್‌ಪೆಕ್ಟೊರೇಟ್. ಕ್ರಿಯಾಪದ. ಅರ್ಥ, ಉಗುಳುವುದು. ಓದಿದ ಕೂಡಲೇ ನಮ್ಮ ಕಾಂಪೌಂಡ್ ಗೋಡೆ ಕಣ್ಣ ಮುಂದೆ ಬಂತು.

ಗೋಡೆ ಇರುವುದು ಜನ ಬಸ್ಸು ಕಾಯುವ ಜಾಗದಲ್ಲಿ. ಎಲ್ಲರ ಎಲೆ ಅಡಿಕೆಯೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ. "ಇಲ್ಲಿ ಉಗುಳಬೇಡಿ" ಎಂದು ಕನ್ನಡದಲ್ಲಿ ಬರೆಸಿದ್ದೆ. ಜನ ಅದನ್ನೇ ಗುರಿ ಮಾಡಿಕೊಂಡರು. ಈಗ ಅಕ್ಷರಗಳೇ ಕಾಣುವುದಿಲ್ಲ!

"ಏನ್ರಿ, ಭಾನುವಾರ ಹರಪನಹಳ್ಳಿ ಬೀಗ್ರು ಮೊದಲ್ನೇ ಸಲ ಮನಿಗಿ ಬರ್ತಾರ. ಈ ಗ್ವಾಡಿ ನೋಡಿ ಹೋಗಿ ನಮ್ಮ ಮಗಳಿಗಿ ಏನಂದಾರು?" ಎಂದಳು ಹೆಂಡತಿ ಗೌರಮ್ಮ.

"ಚಿಂತಿ ಬಿಡು. ಉಪಾಯ ಐತಿ," ಎಂದೆ.

ಗೋಡೆಗೆ ಸುಣ್ಣ ಬಳಿಸಿ, ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ "ಡು ನಾಟ್ ಎಕ್ಸ್‌ಪೆಕ್ಟೊರೇಟ್" ಎಂದು ಬರೆಸಿದೆ. ಅರ್ಥವಾಗದ ಆಜ್ಞೆಗೆ ಜನ ಹೆಚ್ಚು ಹೆದರುತ್ತಾರೆ ಎಂಬುದು ನನ್ನ ಸೇವಾನುಭವ.

ಜನ ಹೆದರಲಿಲ್ಲ. ಗುಂಪು ಸೇರಿದರು!

"ಲೇ, ಇಲ್ಲಿ ಬ್ಯಾಂಕ್ ಬರತೈತೇನಲೇ?"

"ಬ್ಯಾಂಕಲ್ಲೋ, ಕರೆಂಟಿಂದು. ಮುಟ್ಟಬ್ಯಾಡ, ಶಾಕ್ ಹೊಡಿತೈತಿ."

ಆಲೋಚನೆಗೆ ಎಲೆ ಅಡಿಕೆ ಬೇಕು. ಎಲೆ ಅಡಿಕೆಗೆ ಗೋಡೆ ಬೇಕು. ಶನಿವಾರ ಮತ್ತೆ ಸುಣ್ಣ ಬಳಿಸಿ, ಅದನ್ನೇ ಮತ್ತೆ ಬರೆಸಿದೆ. ಭಾನುವಾರ ಬೆಳಿಗ್ಗೆ ಖುದ್ದಾಗಿ ಕಾವಲು ನಿಂತೆ.

ಬೀಗರು ಹೇಳಿದ್ದಕ್ಕಿಂತ ಮೊದಲಿನ ಬಸ್ಸಿಗೇ ಬಂದಿಳಿದರು. ನಮಸ್ಕಾರ ಮುಗಿಯುತ್ತಲೇ ಸಂಚಿ ಬಿಚ್ಚಿ, ಎಲೆ ಮಡಚಿ ನನ್ನ ಕೈಗಿಟ್ಟರು. ನನಗೆ ಆ ಅಭ್ಯಾಸವಿಲ್ಲ. ಆದರೆ ಬೀಗರು ಕೊಟ್ಟ ಎಲೆಯನ್ನು ಬೇಡವೆನ್ನಲು ಬರುತ್ತದೆಯೇ? ಬಾಯಿಗೆ ಹಾಕಿಕೊಂಡೆ.

ಆಗಲೇ ಅವರ ಕಣ್ಣು ಗೋಡೆಗೆ ಬಿತ್ತು. "ಏನ್ ಬರೆಸೀರಿ ಬೀಗ್ರ ಇದು?"

ನನ್ನ ಬಾಯಿ ತುಂಬಿತ್ತು. ಬಾಯಿ ತೋರಿಸಿದೆ, ಗೋಡೆ ತೋರಿಸಿದೆ, ಬೇಡವೆಂದು ಕೈಯಾಡಿಸಿದೆ.

"ಗ್ವಾಡಿ ಜೋಡಿ ಮಾತಾಡಬ್ಯಾಡ್ರಿ ಅಂತೇನ್ರಿ?"

ಇನ್ನು ಬಾಯಿ ಬಿಟ್ಟು ವಿವರಿಸಲೇಬೇಕಿತ್ತು. ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿದ್ದದ್ದು ಗೋಡೆ. ಥೂ!

ಪ್ರಾತ್ಯಕ್ಷಿಕೆ ಯಶಸ್ವಿಯಾಯಿತು.

"ಓಹೋ, ಇದ ಏನ್ರೀ? ಇದು ನಮಗೂ ಬರತೈತಿ ಬಿಡ್ರಿ!" ಎಂದು ಬೀಗರು ನನ್ನ ಗುರುತಿನ ಪಕ್ಕದಲ್ಲೇ ತಮ್ಮದನ್ನೂ ದಾಖಲಿಸಿದರು. ದೊಡ್ಡವರಿಬ್ಬರು ಮುಂದಾದ ಮೇಲೆ ಬಸ್ಸಿಗೆ ನಿಂತಿದ್ದ ಗುಂಪು ಹಿಂದುಳಿಯಲಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ಗೌರಮ್ಮ! ಬೀಗರ ಕೈಗೆ ನೀರಿನ ತಂಬಿಗೆ ಕೊಟ್ಟಳು. ನನ್ನ ಕೈಗೆ ಬಕೆಟ್ಟು.

"ಅಣ್ಣಾರ, ನೀವು ಒಳಗ ಬರ್ರಿ. ಅವ್ರು ಗ್ವಾಡಿ ತೊಳದು ಬರ್ತಾರ."

ಗೋಡೆ ತೊಳೆಯುತ್ತಲೇ ಆ ಶಬ್ದವನ್ನು ಗುಂಪಿಗೆ ಓದಿ, ಅರ್ಥ ಹೇಳಿದೆ. ಈಗ ಬಸ್ಸು ಕಾಯುವವರೆಲ್ಲ ಆ ಕ್ರಿಯಾಪದವನ್ನು ಶುದ್ಧ ಉಚ್ಚಾರದಲ್ಲಿ ಬಳಸುತ್ತಾರೆ. "ತಡೀಲೇ, ಎಕ್ಸ್‌ಪೆಕ್ಟೊರೇಟ್ ಮಾಡಿ ಬರ್ತೀನಿ" ಎಂದು ಹೇಳಿಯೇ ನಮ್ಮ ಗೋಡೆಯ ಕಡೆಗೆ ಹೊರಡುತ್ತಾರೆ. ಕೊಟ್ಟೂರಿನ ಇಂಗ್ಲಿಷಿಗೆ ನನ್ನ ಸೇವೆ ಇಷ್ಟು!